ಸನ್ನಿಯ ಹೊತ್ತಿನಲ್ಲಿ ತಾಯ್ನುಡಿ

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ಸಂಭ್ರಮದಲ್ಲಿ ರೋಗದ ಮಾತನ್ನೆತ್ತುವುದು ಅರಸಿಕತನವೆಂದು ತಮ್ಮಲ್ಲಿ ಕೆಲವರಿಗಾದರೂ ತೋರಬಹುದು. ನಾಡುನುಡಿಗಳ ಹಿರಿಮೆಯನ್ನು ಕೊಂಡಾಡಲು ನಮಗಿಂತ ಬಲ್ಲವರು ಈ ವೇದಿಕೆಯ ಮೇಲೆಯೇ ಕುಳಿತಿದ್ದಾರೆ. ನಾವು ವೈದ್ಯವೃತ್ತಿಯವರು, ಈ ಮುಂಬಯಿ ನಗರದ ಆಸ್ಪತ್ರೆಗಳಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವರು. ಆದರೂ ಈ ದಿನ ಸಂಘದವರ ಕರೆಗೆ ಒಪ್ಪಿ ಬಂದುದಕ್ಕೆ ಒಂದು ಕಾರಣವುಂಟು. ನಮ್ಮ ತಾಯ್ನುಡಿಯು ಹಬ್ಬದ ಅಲಂಕಾರವಾಗಿ ಮಾತ್ರವಲ್ಲದೆ, ಪ್ರಾಣಸಂಕಟದಲ್ಲಿ ಬಿದ್ದವನಿಗೆ ಊರುಗೋಲಾಗಿ ಬೇಕಾಗುವ ಹೊತ್ತೊಂದುಂಟು. ಆ ಹೊತ್ತನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವುದಷ್ಟೇ ನಮ್ಮ ಉದ್ದೇಶ.

2020ರ ಮಳೆಗಾಲ. ಆ ದಿನಗಳನ್ನು ತಾವಾರೂ ಮರೆತಿರಲಾರಿರಿ. ಮಾರ್ಚ್ ತಿಂಗಳಲ್ಲಿ ಕೋವಿಡ್ ರೋಗ ಈ ನಗರವನ್ನು ಹೊಕ್ಕಿತು. ಲೋಕಲ್ ಗಾಡಿಗಳು ನಿಂತವು. ಹೋಟೆಲುಗಳ ಒಲೆ ಆರಿತು. ಗೋರೆಗಾಂವ್, ಬಾಂದ್ರಾ-ಕುರ್ಲಾ, ಮುಲುಂಡ್, ದಹಿಸರಗಳಲ್ಲಿ ಬಯಲುಗಳೂ ಪ್ರದರ್ಶನದ ಸಭಾಂಗಣಗಳೂ ಆಸ್ಪತ್ರೆಗಳಾದವು. ಆಗ ನಾವು ಕೆಲಸ ಮಾಡುತ್ತಿದ್ದ ಐ.ಸಿ.ಯು.ಗೆ ಕುಂದಾಪುರದ ಕಡೆಯ ಹಿರಿಯರೊಬ್ಬರು ಬಂದರು. ಎಪ್ಪತ್ತೈದು ದಾಟಿದ ವಯಸ್ಸು. ಹುಡುಗನಾಗಿದ್ದಾಗ ಹಡಗಿನಲ್ಲಿ ಮುಂಬಯಿಗೆ ಬಂದು, ಕೋಟೆ ಭಾಗದ ಹೋಟೆಲೊಂದರಲ್ಲಿ ಲೋಟ ತೊಳೆದು, ಮುಂದೆ ಗಲ್ಲೆಯ ಮೇಲೆ ಕುಳಿತವರು. ಅರುವತ್ತು ವರ್ಷ ಮರಾಠಿ, ಹಿಂದಿಗಳಲ್ಲಿ ಲೀಲಾಜಾಲವಾಗಿ ವ್ಯವಹರಿಸಿದವರು. ಹನ್ನೆರಡು ದಿನ ಅವರು ವೆಂಟಿಲೇಟರಿನ ಮೇಲಿದ್ದರು. ಹದಿಮೂರನೆಯ ದಿನ ಗಂಟಲಿನ ಕೊಳವೆಯನ್ನು ತೆಗೆದೆವು. ಗಂಡಾಂತರ ಕಳೆಯಿತೆಂದು ನಾವೆಲ್ಲ ನಿಟ್ಟುಸಿರು ಬಿಟ್ಟೆವು.

ಅಂದಿನ ರಾತ್ರಿಯೇ ಅವರು ಕೂಗಲಾರಂಭಿಸಿದರು. ಮೂಗಿನ ಆಮ್ಲಜನಕದ ನಳಿಕೆಯನ್ನು ಕಿತ್ತರು, ಮಂಚದಿಂದ ಇಳಿಯಲು ಹೋದರು. ಬಿದ್ದಾರೆಂಬ ಭಯದಿಂದ ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ರೋಗಿಯ ಕಾಗದದಲ್ಲಿ ‘ಅರ್ಥವಿಲ್ಲದ ಬಡಬಡಿಕೆ’ ಎಂದು ಬರೆದರು. ಮರುದಿನ ಬೆಳಿಗ್ಗೆ ನಾವು ರಕ್ಷಾಕವಚವನ್ನು ತೊಟ್ಟು ಅವರ ಬಳಿಗೆ ಹೋದೆವು. ಅಭ್ಯಾಸಬಲದಿಂದ ಹಿಂದಿಯಲ್ಲಿ ಮಾತನಾಡಿಸಿದೆವು. ಅವರು ಮುಖ ತಿರುಗಿಸಿದರು. ಕಾಗದದ ಮೇಲಿದ್ದ ಹೆಸರನ್ನು ನೋಡಿಯೂ ನಮಗೆ ಹೊಳೆಯಲಿಲ್ಲ. ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವಂತಿಲ್ಲ. ಅದರಲ್ಲಿ ನಾವೂ ಪಾಲುದಾರರು.

ಎರಡನೆಯ ರಾತ್ರಿ ಸರದಿಗೆ ಬಂದ ದಾದಿ ವಿಜಾಪುರದ ಕಡೆಯ ಹುಡುಗಿ. ಅವಳು ಕಿವಿಗೊಟ್ಟು ಕೇಳಿದಳು. ಮುದುಕರು ಹೇಳುತ್ತಿದ್ದುದು ಬಡಬಡಿಕೆಯಲ್ಲ. “ಊರ್ ಬಂತ್, ನನ್ನ್ ಇಳ್ಸಿ” ಎನ್ನುತ್ತಿದ್ದರು. ಯಂತ್ರಗಳ ಗುಂಯ್‌ಗುಟ್ಟುವಿಕೆ ಅವರ ಕಿವಿಗೆ ಹಡಗಿನ ಸದ್ದಾಗಿತ್ತು. ಮುಸುಕು ಹಾಕಿದ ನಾವೆಲ್ಲ ಅವರನ್ನು ಊರಿನ ಬಂದರಿನಲ್ಲಿ ಇಳಿಯಗೊಡದ ಅಪರಿಚಿತರಾಗಿದ್ದೆವು. ಅವಳು ಹತ್ತಿರ ಕುಳಿತು, ಕೈ ಹಿಡಿದು, ತನ್ನ ಸೀಮೆಯ ಕನ್ನಡದಲ್ಲಿಯೇ, “ಅಜ್ಜಾರ, ಇದು ಹಡಗಲ್ರೀ, ದವಾಖಾನಿ ಐತಿ. ಹೆದರಬ್ಯಾಡ್ರಿ, ನಿಮ್ಮ ಮಗಳು ಫೋನಿನ್ಯಾಗ ಅದಾಳ” ಎಂದಳು. ಕುಂದಾಪುರಕ್ಕೂ ವಿಜಾಪುರಕ್ಕೂ ಮಾತಿನಲ್ಲಿ ಎಷ್ಟು ಅಂತರ! ಆದರೂ ಮುದುಕರು ಆಕೆಯ ಮುಖವನ್ನು ದಿಟ್ಟಿಸಿದರು, ಕೂಗು ನಿಂತಿತು. ಭ್ರಮೆಯೆಲ್ಲ ಒಂದೇ ಮಾತಿಗೆ ಹರಿಯಿತೆಂದು ನಾವು ಹೇಳುವುದಿಲ್ಲ. ಪೂರ್ತಿ ತಿಳಿಯಾಗಲು ಇನ್ನೂ ನಾಲ್ಕು ದಿನ ಹಿಡಿಯಿತು. ಆದರೆ ಆ ರಾತ್ರಿ ಕೈಯ ಕಟ್ಟನ್ನು ಬಿಚ್ಚುವುದು ಸಾಧ್ಯವಾಯಿತು.

ಈ ಸ್ಥಿತಿಗೆ ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದರು. ‘ಜ್ವರ ತಲೆಗೇರಿ ಸನ್ನಿಯಾಯಿತು’ ಎಂಬ ಮಾತನ್ನು ತಾವೆಲ್ಲ ಕೇಳಿದ್ದೀರಿ. ಇಂದಿನ ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಇದು ಹುಚ್ಚಲ್ಲ, ದೆವ್ವದ ಕಾಟವಲ್ಲ, ಸ್ವಭಾವದ ದೋಷವೂ ಅಲ್ಲ. ದೇಹದ ಬೇರೆಡೆ ನಡೆಯುತ್ತಿರುವ ಹೋರಾಟದಲ್ಲಿ ಮೆದುಳು ತಾತ್ಕಾಲಿಕವಾಗಿ ಸೋಲುವುದೇ ಸನ್ನಿ. ಇದು ಗಂಟೆಗಳಲ್ಲಿ ಇಲ್ಲವೇ ಒಂದೆರಡು ದಿನಗಳಲ್ಲಿ ತಲೆದೋರುತ್ತದೆ. ಬೆಳಿಗ್ಗೆ ಇಳಿದು ಸಂಜೆಗೆ ಏರುತ್ತದೆ. ಗಮನ ಒಂದೆಡೆ ನಿಲ್ಲುವುದಿಲ್ಲ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಕೂಗಾಡುವ ಸನ್ನಿ. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಇನ್ನೊಂದು ಮೌನದ ಸನ್ನಿ. ರೋಗಿ ಗೋಡೆ ನೋಡುತ್ತ ಸುಮ್ಮನೆ ಮಲಗಿರುತ್ತಾನೆ, ಕರೆದರೆ ತಡವಾಗಿ ಓಗೊಡುತ್ತಾನೆ. ‘ಪಾಪ, ಶಾಂತವಾಗಿ ಮಲಗಿದ್ದಾರೆ’ ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಇದೇ ಹೆಚ್ಚಾಗಿ ಕಾಣುವುದು, ಮತ್ತು ಇದೇ ಹೆಚ್ಚಾಗಿ ಕಣ್ತಪ್ಪಿ ಹೋಗುವುದು.

ವೈರಸ್ ರೋಗ ಉಲ್ಬಣಿಸಿದಾಗ ಮೆದುಳಿಗೂ ನರಗಳಿಗೂ ಅಪಾಯ ಬರುವ ದಾರಿ ಒಂದೇ ಅಲ್ಲ. ಕೆಲವು ವೈರಸ್ಸುಗಳು ನೇರವಾಗಿ ಮೆದುಳಿಗೇ ನುಗ್ಗುತ್ತವೆ. ಕೋಲಾರ, ಮಂಡ್ಯಗಳ ಕಡೆಯವರು ಬಲ್ಲ ಜಪಾನಿ ಮೆದುಳು ಜ್ವರ ಈ ಜಾತಿಯದು. ಕೆಲವೊಮ್ಮೆ ವೈರಸ್ಸಿಗಿಂತ, ಅದರ ಮೇಲೆ ದೇಹ ಹೂಡುವ ಯುದ್ಧದ ಉರಿಯೇ ಮೆದುಳನ್ನು ಕಂಗೆಡಿಸುತ್ತದೆ. ಶ್ವಾಸಕೋಶ ಸೋತಾಗ ಮೆದುಳಿಗೆ ಆಮ್ಲಜನಕ ಸಾಲದು. ರಕ್ತ ಹೆಪ್ಪುಗಟ್ಟಿ ಮೆದುಳಿನ ನಾಳ ಮುಚ್ಚಿದರೆ ಪಾರ್ಶ್ವವಾಯು. ಮೂತ್ರಪಿಂಡ, ಯಕೃತ್ತುಗಳು ಕೆಟ್ಟರೆ ರಕ್ತದಲ್ಲಿ ಕಶ್ಮಲ ಸೇರಿ ಮಂಪರು. ಇವೆಲ್ಲದರ ಮೇಲೆ ನಿದ್ದೆಯ ಔಷಧಗಳು, ಹಗಲಿರುಳೆನ್ನದೆ ಉರಿಯುವ ದೀಪ, ಯಂತ್ರಗಳ ಸದ್ದು, ತನ್ನವರ ಮುಖ ಕಾಣದಿರುವುದು. ಕೋವಿಡ್‌ನಲ್ಲಿ ವೈರಸ್ಸು ತಾನೇ ಮೆದುಳಿನಲ್ಲಿ ಬೀಡುಬಿಟ್ಟುದಕ್ಕಿಂತ ಈ ಉಳಿದ ಕಾರಣಗಳೇ ಹೆಚ್ಚೆಂದು ಇಂದಿನ ತಿಳಿವಳಿಕೆ. ನಾವು ಮುಂಬಯಿಯಲ್ಲಿ ಪ್ರತಿ ಮಳೆಗಾಲದಲ್ಲೂ ಕಾಣುವ ಡೆಂಗ್ಯೂ ಜ್ವರದಲ್ಲಿಯೂ ಪ್ರಜ್ಞೆ ಕುಂದಿದರೆ ಅದನ್ನು ತೀವ್ರ ಡೆಂಗ್ಯೂ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಎಣಿಸುತ್ತದೆ.

ಈ ಪಾಠ ಕನ್ನಡ ನಾಡಿಗೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸೌದೆ, ಸೊಪ್ಪುಗಳಿಗಾಗಿ ಕಾಡಿಗೆ ಹೋದ ಜನ ಜ್ವರದಿಂದ ಮಲಗಿದರು. ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು ಅದರ ವೈರಸ್ಸನ್ನು ಗುರುತಿಸಿದರು. ಉಣುಗು ಕಚ್ಚಿ ಹರಡುವ ರೋಗವೆಂದು ತೋರಿಸಿದರು. ಮಲೆನಾಡಿನವರು ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಅದರ ನಡೆ ವಿಚಿತ್ರವಾದುದು. ಜ್ವರ ಬಿಡುತ್ತದೆ, ರೋಗಿ ಎದ್ದು ಕೂರುತ್ತಾನೆ, ಮನೆಯವರು ಗೆದ್ದೆವೆನ್ನುತ್ತಾರೆ. ಒಂದೆರಡು ವಾರಗಳ ತರುವಾಯ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ ಜ್ವರ ಮರುಕಳಿಸಿ, ತೀವ್ರವಾದ ತಲೆನೋವು, ಕೈಕಾಲು ನಡುಕ, ದೃಷ್ಟಿಯ ತೊಂದರೆ, ಬುದ್ಧಿಯ ಗೊಂದಲಗಳು ಕಾಣಿಸಿಕೊಳ್ಳುತ್ತವೆ. 2016ರಲ್ಲಿ ಈ ರೋಗ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿಯೂ ಕಾಣಿಸಿತು. ಆದುದರಿಂದ ರಜೆಯಲ್ಲಿ ಊರಿಗೆ ಹೋಗಿ ಕಾಡು, ತೋಟ ಸುತ್ತಿ ಬಂದವರಿಗೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದೆವೆಂಬುದನ್ನು ಮುಂಬಯಿಯ ವೈದ್ಯರಿಗೆ ಮರೆಯದೆ ಹೇಳತಕ್ಕದ್ದು. ಜ್ವರ ಇಳಿದ ಮಾತ್ರಕ್ಕೆ ರೋಗ ಮುಗಿಯಿತೆಂದು ತಿಳಿಯಬಾರದೆಂಬುದು ಮಂಗನ ಕಾಯಿಲೆ ಕಲಿಸಿದ ಪಾಠ.

ಇನ್ನು ಕೋವಿಡ್ ಕಾಲದ ಕೆಲವು ಲೆಕ್ಕಗಳನ್ನು ಹೇಳುತ್ತೇವೆ. ಚೀನದ ವುಹಾನ್ ನಗರದಲ್ಲಿ ಆಸ್ಪತ್ರೆ ಸೇರಿದ 214 ರೋಗಿಗಳನ್ನು ಪರಿಶೀಲಿಸಿದಾಗ 78 ಮಂದಿಯಲ್ಲಿ ತಲೆಸುತ್ತು, ವಾಸನೆ ತಿಳಿಯದಿರುವಿಕೆಯಿಂದ ಹಿಡಿದು ಪಾರ್ಶ್ವವಾಯುವಿನ ತನಕ ನರಮಂಡಲದ ಒಂದಲ್ಲ ಒಂದು ಲಕ್ಷಣ ಕಂಡಿತು. ರೋಗ ತೀವ್ರವಾದವರಲ್ಲಿ ಅದು ಹೆಚ್ಚಾಗಿತ್ತು. ಹದಿನಾಲ್ಕು ದೇಶಗಳ ಐ.ಸಿ.ಯು.ಗಳಲ್ಲಿದ್ದ 2,088 ರೋಗಿಗಳ ವಿಚಾರ 2021ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ ಐವತ್ತೈದು ಮಂದಿ ಸನ್ನಿಗೆ ಒಳಗಾಗಿದ್ದರು. ಬೆಂಜೊಡಯಜೆಪಿನ್ ಜಾತಿಯ ನಿದ್ದೆಯ ಔಷಧ ಪಡೆದವರಲ್ಲಿ ಸನ್ನಿಯ ಸಂಭವ ಶೇಕಡಾ 59ರಷ್ಟು ಹೆಚ್ಚಾಗಿತ್ತು. ಮನೆಯವರು ಎದುರಿಗೆ ಬಂದೋ, ಫೋನಿನ ಪರದೆಯ ಮೂಲಕವೋ ಭೇಟಿಯಾದವರಲ್ಲಿ ಅದು ಶೇಕಡಾ 27ರಷ್ಟು ಕಡಿಮೆಯಾಗಿತ್ತು. ಭೇಟಿಯಿಂದಲೇ ಸನ್ನಿ ಕಡಿಮೆಯಾಯಿತೆಂದು ಇದರಿಂದ ಸಿದ್ಧವಾಯಿತೆಂದಲ್ಲ. ಎರಡೂ ಒಟ್ಟೊಟ್ಟಿಗೆ ಕಂಡುವೆಂದಷ್ಟೇ. ಆದರೂ ಕಾಸು ಖರ್ಚಿಲ್ಲದ, ಅಡ್ಡ ಪರಿಣಾಮವಿಲ್ಲದ ಇಂಥ ಉಪಾಯವನ್ನು ಕೈಬಿಡುವುದು ಜಾಣತನವಲ್ಲ.

ಇಲ್ಲಿಯೇ ನುಡಿಯ ಪ್ರಶ್ನೆ ಬರುತ್ತದೆ. ಸನ್ನಿಯನ್ನು ಕಂಡುಹಿಡಿಯಲು ರಕ್ತಪರೀಕ್ಷೆಯಿಲ್ಲ, ಎಕ್ಸ್-ರೇ ಇಲ್ಲ. ಮಾತಿನಿಂದಲೇ ಪರೀಕ್ಷಿಸಬೇಕು. ಐ.ಸಿ.ಯು.ಗಳಲ್ಲಿ ಬಳಕೆಯಲ್ಲಿರುವ ಒಂದು ಪರೀಕ್ಷೆಯಲ್ಲಿ ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತ, ಗೊತ್ತುಪಡಿಸಿದ ಅಕ್ಷರ ಬಂದಾಗ ಮಾತ್ರ ಕೈ ಹಿಸುಕಬೇಕೆಂದು ರೋಗಿಗೆ ಹೇಳುತ್ತಾರೆ. ಕಲ್ಲು ನೀರಿನ ಮೇಲೆ ತೇಲುತ್ತದೆಯೇ, ಸಮುದ್ರದಲ್ಲಿ ಮೀನು ಇರುತ್ತದೆಯೇ ಎಂಬಂಥ ಸುಲಭದ ಪ್ರಶ್ನೆಗಳನ್ನು ಕೇಳುತ್ತಾರೆ. ಕರಾವಳಿಯ ಮುದುಕನಿಗೆ ಮೀನಿನ ವಿಚಾರ ಹೇಳಿಕೊಡಬೇಕೇ? ಆದರೆ ಅರೆಪ್ರಜ್ಞೆಯಲ್ಲಿರುವಾಗ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೇಳಿದರೆ ಅವನು ಸುಮ್ಮನಿರುತ್ತಾನೆ. ಬುದ್ಧಿ ಸ್ಥಿಮಿತದಲ್ಲಿದ್ದವನನ್ನು ಸನ್ನಿಯವನೆಂದೂ, ಸನ್ನಿ ಹಿಡಿದವನನ್ನು ಭಾಷೆ ಬಾರದವನೆಂದೂ ತಿಳಿಯುವ ಎರಡೂ ತಪ್ಪುಗಳಿಗೆ ಇದರಿಂದ ಎಡೆಯಾಗುತ್ತದೆ. ನಮ್ಮ ಅನುಭವದಲ್ಲಿ, ದೊಡ್ಡವರಾದ ಮೇಲೆ ಕಲಿತ ನುಡಿಗಳು ಇಂಥ ಹೊತ್ತಿನಲ್ಲಿ ಮೊದಲು ಜಾರುತ್ತವೆ. ತೊಟ್ಟಿಲಲ್ಲಿ ಕೇಳಿದ ನುಡಿ ಕಡೆಯ ತನಕ ನಿಲ್ಲುತ್ತದೆ. ಅದು ಕನ್ನಡವಿರಲಿ, ತುಳುವಿರಲಿ, ಕೊಂಕಣಿ, ಬ್ಯಾರಿ ಮಾತುಗಳಿರಲಿ. ಮನೆಯಲ್ಲಿ ಆಡುವ ಮಾತೇ ಇಲ್ಲಿ ಮುಖ್ಯ.

ಆದುದರಿಂದ ಮನೆಯವರು ಮಾಡಬೇಕಾದುದೇನು? ಮೊದಲನೆಯದಾಗಿ, ರೋಗಿಯನ್ನು ಸೇರಿಸುವಾಗಲೇ ಒಂದು ಚೀಟಿ ಬರೆದುಕೊಡಿ. ರೋಗಿಯ ಮನೆಮಾತು ಯಾವುದು, ಮನೆಯಲ್ಲಿ ಏನೆಂದು ಕರೆಯುತ್ತೀರಿ, ಕನ್ನಡಕ, ಕಿವಿಯ ಯಂತ್ರ, ಕಟ್ಟಿಸಿದ ಹಲ್ಲು ಇವೆಯೇ, ಯಾವ ಮಾತ್ರೆಗಳನ್ನು ನುಂಗುತ್ತಿದ್ದರು, ಮೊದಲೇ ಮರೆವು ಇತ್ತೇ ಎಂಬುದನ್ನು ಬರೆಯಿರಿ. ನೀರು, ನೋವು, ಉಸಿರು, ಮೂತ್ರ ಎಂಬ ನಾಲ್ಕು ಮಾತುಗಳನ್ನು ರೋಗಿ ತನ್ನ ನುಡಿಯಲ್ಲಿ ಹೇಗೆ ಹೇಳುತ್ತಾರೆಂಬುದನ್ನು ನಾಗರೀ ಲಿಪಿಯಲ್ಲಿ ಬರೆದರೆ ಇಲ್ಲಿನ ದಾದಿಯರಿಗೆ ದೊಡ್ಡ ಉಪಕಾರ. ಇನ್ನೊಂದು ಮಾತು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು. ರೋಗಿ ದಿನವೂ ಮದ್ಯ ಸೇವಿಸುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ದಿನನಿತ್ಯದ ಮದ್ಯ ಥಟ್ಟನೆ ನಿಂತಾಗ ಬರುವ ಸನ್ನಿಯ ಚಿಕಿತ್ಸೆಯೇ ಬೇರೆ. ಈಗ ತಾನೇ ಬೇಡವೆಂದ ಬೆಂಜೊಡಯಜೆಪಿನ್ ಔಷಧವೇ ಅಲ್ಲಿ ಪ್ರಾಣರಕ್ಷಕ. ಮಾನಕ್ಕೆ ಅಂಜಿ ಪ್ರಾಣಕ್ಕೆ ಎರವಾಗಬಾರದು.

ಎರಡನೆಯದಾಗಿ, ಆಸ್ಪತ್ರೆಯವರ ಅನುಮತಿ ಪಡೆದು, ಭೇಟಿಯ ಹೊತ್ತಿಗೆ ಹೋಗಿ. ಹೋಗಲಾಗದಿದ್ದರೆ ಫೋನಿನಲ್ಲಿ ದನಿ ಮುದ್ರಿಸಿ ಕಳುಹಿಸಿ. ಹೋದಾಗ ಅಳಬೇಡಿ, ಸಾಲಸೋಲದ ಮಾತೆತ್ತಬೇಡಿ. ನಿಧಾನವಾಗಿ, ಚಿಕ್ಕ ಚಿಕ್ಕ ಮಾತುಗಳಲ್ಲಿ ಹೇಳಿ: “ಅಪ್ಪಾ, ನಾನು ನಿಮ್ಮ ಮಗಳು. ಇದು ಆಸ್ಪತ್ರೆ. ಇವತ್ತು ಮಂಗಳವಾರ, ಈಗ ಸಂಜೆ. ಜ್ವರ ಇಳಿಯುತ್ತಿದೆ.” ರೋಗಿ ಇಲ್ಲದುದನ್ನು ಇದೆಯೆಂದರೆ ವಾದಿಸಬೇಡಿ, ಹೌದೆಂದು ಭ್ರಮೆಯನ್ನು ಬೆಳೆಸಲೂ ಬೇಡಿ. ಭಯವನ್ನು ಒಪ್ಪಿಕೊಂಡು, ನಿಜವನ್ನು ಮೆಲ್ಲನೆ ಹೇಳಿ. ಕನ್ನಡಕವನ್ನು ಮೂಗಿಗೇರಿಸಿ. ಪ್ರಜ್ಞೆಯಿಲ್ಲದಂತೆ ತೋರುವವರ ಮುಂದೆಯೂ ಅವರು ಕೇಳುತ್ತಿದ್ದಾರೆಂದೇ ತಿಳಿದು ಮಾತನಾಡಿ.

ಮೂರನೆಯದಾಗಿ, ಕೆಲವು ಲಕ್ಷಣಗಳನ್ನು ಕಂಡರೆ ಒಂದು ನಿಮಿಷವೂ ತಡಮಾಡಬಾರದು. ಜ್ವರದ ರೋಗಿ ಗೊಂದಲದಿಂದ ಮಾತನಾಡತೊಡಗಿದರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ಕುತ್ತಿಗೆ ಬಿಗಿದರೆ ಕೂಡಲೆ ಆಸ್ಪತ್ರೆಗೆ ಒಯ್ಯಿರಿ. ಬಾಯಿ ಒಂದು ಕಡೆಗೆ ವಾಲಿದರೆ, ಒಂದು ಕೈ ಬಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ರೋಗಿ ಕಡೆಯದಾಗಿ ಸರಿಯಾಗಿದ್ದ ಗಳಿಗೆಯನ್ನು ಗುರುತು ಮಾಡಿಕೊಳ್ಳಿ. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ನಮ್ಮ ನಗರದ ರಸ್ತೆಗಳಲ್ಲಿ ನಾಲ್ಕೂವರೆ ಗಂಟೆ ಹೇಗೆ ಕರಗುತ್ತದೆಂಬುದನ್ನು ತಮಗೆ ಹೇಳಬೇಕಾಗಿಲ್ಲ. ಜ್ವರವೋ ಭೇದಿಯೋ ಆಗಿ ಒಂದೆರಡು ವಾರಗಳ ಮೇಲೆ ಕಾಲಿನಿಂದ ತೊಡಗಿ ಮೇಲಕ್ಕೇರುವ ಬಲಹೀನತೆ ಬಂದರೆ ಅದು ಗಿಯಾನ್-ಬಾರೆ ಎಂಬ ನರರೋಗವಿರಬಹುದು. ಕೋವಿಡ್ ಜೊತೆಗೆ ಈ ರೋಗ ಕಂಡ 42 ಮಂದಿಯ ವಿವರವನ್ನು ಮುಂಬಯಿಯ ನರರೋಗ ತಜ್ಞರು ಪ್ರಕಟಿಸಿದ್ದಾರೆ. 2025ರ ಮೊದಲಲ್ಲಿ ಪುಣೆಯಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಗೆ ಇದು ಬಂದಿತೆಂದು ವರದಿಯಾಯಿತು. ಅಲ್ಲಿ ಮುಖ್ಯವಾಗಿ ಬೆರಳು ತೋರಿಸಿದುದು ಕಲುಷಿತ ನೀರಿನ ಬ್ಯಾಕ್ಟೀರಿಯದತ್ತ. ಉಸಿರಾಟದ ಸ್ನಾಯುಗಳು ಸೋಲುವ ಮೊದಲೇ ಆಸ್ಪತ್ರೆ ಸೇರಿದರೆ ಇದಕ್ಕೆ ಚಿಕಿತ್ಸೆಯುಂಟು. ಹರಕೆ ಹೊರುವವರು ಹೊರಲಿ, ನಾವು ಬೇಡವೆನ್ನುವುದಿಲ್ಲ. ಆದರೆ ಆಂಬ್ಯುಲೆನ್ಸಿನಲ್ಲಿ ಕುಳಿತ ಮೇಲೆ ಹೊರಲಿ.

ರೋಗಿ ಮನೆಗೆ ಬಂದ ಮೇಲಿನ ಕಷ್ಟ ಬೇರೆಯೇ. ದೀರ್ಘಕಾಲ ಐ.ಸಿ.ಯು.ನಲ್ಲಿ ಮಲಗಿದವರ ನರಗಳೂ ಸ್ನಾಯುಗಳೂ ಸೊರಗುತ್ತವೆ. ನಮ್ಮ ಕುಂದಾಪುರದ ಹಿರಿಯರು ಮನೆಗೆ ಮರಳಿದಾಗ ಅವರಿಂದ ಚಹದ ಲೋಟ ಎತ್ತಲಾಗಲಿಲ್ಲ. ಸಾವಿರಾರು ಲೋಟ ತೊಳೆದ ಕೈಗಳವು. ಲೆಕ್ಕದಲ್ಲಿ ಎಂದೂ ತಪ್ಪದವರು ಹಾಲಿನ ಲೆಕ್ಕ ತಪ್ಪಿದರು. ರಾತ್ರಿ ಬೆಚ್ಚಿ ಏಳುತ್ತಿದ್ದರು. ಮಗ, “ಅಪ್ಪ ಆಲಸ್ಯ ಕಲಿತರು” ಎಂದ, ಸೊಸೆ ಹೆದರಿದಳು. ಆಲಸ್ಯವಲ್ಲ, ಇದೂ ರೋಗದ ಬಾಲವೇ ಎಂದು ನಾವು ತಿಳಿಸಿ ಹೇಳಿದೆವು. ದಿನಕ್ಕೆ ಹತ್ತು ಹೆಜ್ಜೆಯಿಂದ ತೊಡಗಿ ನಡೆಸಬೇಕು, ಫಿಜಿಯೋಥೆರಪಿ ಮಾಡಿಸಬೇಕು, ರಾತ್ರಿ ನಿದ್ದೆ, ಹಗಲು ಬೆಳಕು ಸಿಗಬೇಕು. ಹಣಕಾಸಿನ ಸಹಿಗಳನ್ನು ಕೆಲವು ತಿಂಗಳು ಮುಂದೂಡಬೇಕು. ಕೆಲವರು ವಾರಗಳಲ್ಲಿ ಸರಿಹೋಗುತ್ತಾರೆ, ಕೆಲವರಿಗೆ ವರ್ಷವೇ ಬೇಕು, ಕೆಲವರು ಮೊದಲಿನಂತಾಗುವುದೇ ಇಲ್ಲ. ಆ ಹಿರಿಯರು ಎಂಟನೆಯ ತಿಂಗಳಲ್ಲಿ ಮೊಮ್ಮಗನ ಕೈ ಹಿಡಿದು ಸ್ಟೇಷನ್ ತನಕ ನಡೆದರು. ಹಡಗಿನ ನೆನಪು ಅವರಿಗೆ ಆಗಲೂ ಇತ್ತು. ಹಡಗಿನಲ್ಲಿ ಕನ್ನಡ ಮಾತನಾಡಿದ ಹುಡುಗಿಯ ನೆನಪೂ ಇತ್ತು. ಕೈ ಕಟ್ಟಿದ್ದನ್ನು ಅವರು ಮರೆತಿರಲಿಲ್ಲ. ನಮ್ಮನ್ನು ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ನಮ್ಮಲ್ಲಿ ಉತ್ತರವಿರಲಿಲ್ಲ.

ಕಡೆಯದಾಗಿ ಸಂಘದ ಮುಂದೆ ಒಂದು ಬಿನ್ನಹ. ನಮ್ಮ ಸಂಘಗಳು ನಾಟಕ ಆಡಿಸಿವೆ, ಯಕ್ಷಗಾನ ಕುಣಿಸಿವೆ, ರಾತ್ರಿಶಾಲೆಗಳನ್ನು ನಡೆಸಿ ಹೋಟೆಲ್ ಹುಡುಗರಿಗೆ ಅಕ್ಷರ ಕಲಿಸಿವೆ. ಅಂತೆಯೇ ಇನ್ನೊಂದು ಚಿಕ್ಕ ಕೆಲಸ ಮಾಡಬಾರದೇಕೆ? ಕೊಲಾಬಾದಿಂದ ವಿರಾರಿನ ತನಕ, ಮಾಟುಂಗಾದಿಂದ ಡೊಂಬಿವಲಿಯ ತನಕ, ಕನ್ನಡ, ತುಳು, ಕೊಂಕಣಿ ಬಲ್ಲ ಹತ್ತಿಪ್ಪತ್ತು ಮಂದಿಯ ಪಟ್ಟಿಯೊಂದನ್ನು ಮಾಡಿಡಿ. ಹತ್ತಿರದ ಆಸ್ಪತ್ರೆಗಳಿಗೆ ಆ ಪಟ್ಟಿಯನ್ನು ಕೊಡಿ. ತನ್ನವರಿಲ್ಲದ ಕ್ಯಾಂಟೀನ್ ಹುಡುಗನೊಬ್ಬ, ಮಕ್ಕಳು ಪರದೇಶದಲ್ಲಿರುವ ಅಜ್ಜಿಯೊಬ್ಬಳು ಐ.ಸಿ.ಯು.ನಲ್ಲಿ ಕಂಗಾಲಾಗಿ ಮಲಗಿದ್ದರೆ, ಒಬ್ಬರು ಫೋನಿನಲ್ಲಿ ಹತ್ತು ನಿಮಿಷ ಮಾತನಾಡಲಿ. ಇದಕ್ಕೆ ನಿಧಿ ಬೇಡ, ಕಟ್ಟಡ ಬೇಡ. ಮಕ್ಕಳಿಗೆ ಮನೆಯ ಮಾತು ಕಲಿಸುವುದಕ್ಕೂ ಇದೊಂದು ಕಾರಣವಾಗಲಿ. ನಾಳೆ ನಮ್ಮ ಮಂಚದ ಬಳಿ ನಿಂತು ಮಾತನಾಡಬೇಕಾದವರು ಅವರೇ. ಅಂದು ನಾವು ಕಲಿತ ಇಂಗ್ಲಿಷ್ ನಮ್ಮ ಬಳಿ ಉಳಿದಿರುತ್ತದೆಯೋ ಇಲ್ಲವೋ.